ನೊಂದವಳೇ ಅಪರಾಧಿಯಾದಾಗ

ಅಪರಾಧ ಮಾಡಿದವರು ಒಂದು ಕಡೆ, ಅಪರಾಧಕ್ಕೆ ಗುರಿಯಾದವರು ಇನ್ನೊಂದು ಕಡೆ ಎಂದು ಇಬ್ಭಾಗ ಮಾಡಿ ನೋಡುವುದು ನಮ್ಮೆಲ್ಲರ ವಾಡಿಕೆ. ನ್ಯಾಯಾಲಯದಲ್ಲಿಯೂ ಆರೋಪಿ ನಿಲ್ಲುವ ಸ್ಥಳ ಬೇರೆ, ಸಾಕ್ಷಿ ನಿಲ್ಲುವ ಸ್ಥಳ ಬೇರೆ. ಆದರೆ ಎರಡು ಸ್ಥಳಗಳಲ್ಲಿಯೂ ನಿಲ್ಲಬೇಕಾದ ಒಂದು ವರ್ಗದ ಜನರು ನಮ್ಮ ಸೆರೆಮನೆಗಳಲ್ಲಿದ್ದಾರೆ. ವರ್ಷಗಟ್ಟಲೆ ಗಂಡನಿಂದಲೋ ಅವನ ಮನೆಯವರಿಂದಲೋ ಹೊಡೆತ ಬಡಿತಗಳನ್ನು ಅನುಭವಿಸಿ ಕಡೆಗೊಂದು ದಿನ ತಾವೇ ಕೈಯೆತ್ತಿದ ಹೆಂಗಸರು, ಅಥವಾ ಮಕ್ಕಳೊಡನೆ ಸಾಯಹೊರಟು ತಾವು ಮಾತ್ರ ಬದುಕಿ ಉಳಿದ ಹೆಂಗಸರು ಅವರು. ಇಂಥವರ ಪರವಾಗಿ ಮಾತನಾಡುವುದು ನ್ಯಾಯವೇ, ನ್ಯಾಯವಾದರೆ ಅದನ್ನು ಯಾರು ಹೇಗೆ ಮಾಡಬೇಕು ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ದೇಶದ ಸೆರೆಮನೆಗಳಲ್ಲಿರುವವರ ಪೈಕಿ ಹೆಂಗಸರು ನೂರಕ್ಕೆ ಸುಮಾರು 4 ಮಂದಿ ಮಾತ್ರ. ಸಂಖ್ಯೆ ಅಲ್ಪವಾದುದರಿಂದಲೇ ಅವರ ವಿಷಯ ಯಾರ ಗಮನಕ್ಕೂ ಬಾರದೆ ಹೋಗುತ್ತದೆ. ಸೆರೆ ಸೇರಿದ ಗಂಡಸನ್ನು ನೋಡಲು ತಾಯಿ ಹೋಗುತ್ತಾಳೆ, ಹೆಂಡತಿ ಹೋಗುತ್ತಾಳೆ. ಸೆರೆ ಸೇರಿದ ಹೆಂಗಸನ್ನು ನೋಡಲು ಯಾರು ಹೋಗಬೇಕು? ಗಂಡನ ಮನೆಯವರು ಎದುರು ಪಕ್ಷದ ಸಾಕ್ಷಿಗಳಾಗಿರುತ್ತಾರೆ. ತವರಿನವರು ಮಾನಕ್ಕೆ ಅಂಜಿ ದೂರ ಸರಿದಿರುತ್ತಾರೆ.

ನಮ್ಮ ಸೋಲೂರಿನ ಸುತ್ತಿನ ಹಳ್ಳಿಗಳಲ್ಲಿ ಹೆಂಗಸರ ಬಾಯಲ್ಲಿ ಒಂದು ಮಾತು ಬಹಳ ಸಾಮಾನ್ಯ: "ನನ್ ಕೈಲಾಗಲ್ಲ ಕಣವ್ವ, ಕೆರೇನೋ ಬಾವೀನೋ ನೋಡ್ಕೋತೀನಿ." ಕೇಳಿದವರು ಅದನ್ನು ಮಾತಿಗೆ ಬಂದ ಮಾತು ಎಂದುಕೊಂಡು ಸುಮ್ಮನಾಗುತ್ತಾರೆ. ಕೊಳವೆಬಾವಿಗಳು ಬಂದ ಮೇಲೆ ನಮ್ಮ ತೆರೆದ ಬಾವಿಗಳು ಬಹುಮಟ್ಟಿಗೆ ಬತ್ತಿಹೋಗಿವೆ. ಮಾತು ಮಾತ್ರ ಬತ್ತಿಲ್ಲ. ಈ ಮಾತನ್ನು ಆಡಿದವಳು ನಿಜವಾಗಿಯೂ ಒಂದು ದಿನ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಟು, ಮಗು ಸತ್ತು ತಾನು ಉಳಿದರೆ ಏನಾಗುತ್ತದೆ? ಊರಿನವರು ಅವಳನ್ನು ನತದೃಷ್ಟೆ ಎನ್ನುತ್ತಾರೆ. ಪೋಲೀಸರು ಅವಳ ಮೇಲೆ ಕೊಲೆಯ ಮೊಕದ್ದಮೆ ಹೂಡುತ್ತಾರೆ. ಇದು ಕಲ್ಪನೆಯಲ್ಲ. ನಮ್ಮ ದೇಶದ ಕಾನೂನು ವರದಿಗಳಲ್ಲಿ ಇಂಥ ಮೂರು ಪ್ರಕರಣಗಳು ಪ್ರಸಿದ್ಧವಾಗಿವೆ. ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ವಿಷಯದ ತಿರುಳು ತಿಳಿಯುತ್ತದೆಯಾದುದರಿಂದ ಅವುಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಮೊದಲನೆಯದು 1940ರಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯದ ಮುಂದೆ ಬಂದ ಧೀರಜಿಯಾ ಎಂಬುವಳ ಪ್ರಕರಣ. ಹಳ್ಳಿಯ ಹೆಂಗಸು, ಗಂಡನ ಕಾಟ ತಾಳಲಾರದವಳು. ಅವನು ಹೊಡೆಯುತ್ತೇನೆಂದು ಬೆದರಿಸಿದ ದಿನ ರಾತ್ರಿ ಆರು ತಿಂಗಳ ಕೂಸನ್ನೆತ್ತಿಕೊಂಡು ಮನೆ ಬಿಟ್ಟಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದೆ ಹೆಜ್ಜೆಯ ಸಪ್ಪಳವಾಯಿತು. ತಿರುಗಿ ನೋಡಿದರೆ ಗಂಡ. ಭಯದಿಂದ ಓಡಿ ಹತ್ತಿರದಲ್ಲಿದ್ದ ಬಾವಿಗೆ ಹಾರಿದಳು. ಕೂಸು ಸತ್ತಿತು, ಅವಳು ಉಳಿದಳು. ಕೆಳಗಿನ ನ್ಯಾಯಾಲಯ ಇದನ್ನು ಕೊಲೆಯೆಂದಿತು. ಉಚ್ಚ ನ್ಯಾಯಾಲಯ ಒಪ್ಪಲಿಲ್ಲ. ಅವಳಿಗೆ ಕೊಲ್ಲುವ ಉದ್ದೇಶವಿರಲಿಲ್ಲ. ಬೆನ್ನಟ್ಟಿ ಬಂದವನ ಭಯದಲ್ಲಿ ಹಾಗೆ ಮಾಡಿದಳು. ಆ ಭಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು ಎಂದು ಹೇಳಿ, ಕೊಲೆಯೆನಿಸದ ನರಹತ್ಯೆ ಎಂದು ತೀರ್ಮಾನಿಸಿ, ಆರು ತಿಂಗಳ ಶಿಕ್ಷೆಯನ್ನು ಮಾತ್ರ ಕೊಟ್ಟಿತು. ಆತ್ಮಹತ್ಯೆಯ ಪ್ರಯತ್ನವೆಂಬ ಆರೋಪವನ್ನೂ ತಳ್ಳಿಹಾಕಿತು. ತಪ್ಪಿಸಿಕೊಳ್ಳಲು ಹಾರಿದವಳು ಸಾಯಲು ಹಾರಿದವಳಲ್ಲ ಎಂಬುದು ಅದರ ವಾದ.

ಎರಡನೆಯದು 1953ರ ಕಾನೂನು ವರದಿಗಳಲ್ಲಿ ಬಂದಿರುವ, ಆಗಿನ ಮಧ್ಯಭಾರತ ಪ್ರಾಂತದ ಗ್ಯಾರ್ಸಿಬಾಯಿ ಎಂಬುವಳ ಪ್ರಕರಣ. ಮನೆಯಲ್ಲಿ ನಾದಿನಿಯೊಡನೆ ಜಗಳ. ಅಂದಿನ ಜಗಳ ಮೊದಲನೆಯದೂ ಅಲ್ಲ. ಇವಳು ಮೂವರು ಮಕ್ಕಳನ್ನು ಕರೆದುಕೊಂಡು ಹೊರಟು ಬಾವಿಗೆ ಹಾರಿದಳು. ಮೂವರೂ ಸತ್ತರು; ಅವಳು ಉಳಿದಳು. ಇಲ್ಲಿ ಬೆನ್ನಟ್ಟಿ ಬಂದ ಗಂಡನಿಲ್ಲ. ಕಾರಣ ನಿನ್ನೆ ಮೊನ್ನೆಯದಲ್ಲ, ದಿನದಿನದ್ದು. ನ್ಯಾಯಾಲಯ ಇದನ್ನು ಕೊಲೆಯೆಂದೇ ಎಣಿಸಿತು. ಕೊಲೆಯೆಂದ ಮೇಲೆ ಮರಣದಂಡನೆ, ಇಲ್ಲವೇ ಜೀವಾವಧಿ: ನ್ಯಾಯಾಧೀಶರ ಕೈಯಲ್ಲಿ ಮೂರನೆಯದೊಂದಿಲ್ಲ. ಅವರು ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿದು, ಈ ಶಿಕ್ಷೆ ಇವಳಿಗೆ ಅತಿಯಾಯಿತು, ಸರ್ಕಾರವು ಇದನ್ನು ಇಳಿಸಬೇಕು ಎಂದು ತಾವೇ ಶಿಫಾರಸು ಮಾಡಿದರು. ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ತೀರ್ಪು ಕೊಟ್ಟವರಿಗೇ ತೀರ್ಪು ಭಾರವಾಗಿದೆ. ಕಾನೂನಿನ ಕಣ್ಣಿಗೆ ಬೀಳದ ಯಾವುದೋ ಒಂದು ನ್ಯಾಯಾಧೀಶರ ಕಣ್ಣಿಗೆ ಬಿದ್ದಿದೆ.

ಆ ಕಣ್ಣಿಗೆ ಬೀಳದ ವಸ್ತು ಯಾವುದು? ಕಾಲ. 1860ರ ಭಾರತೀಯ ದಂಡಸಂಹಿತೆ ಕೊಲೆಗೆ ಕೆಲವು ವಿನಾಯಿತಿಗಳನ್ನು ಇಟ್ಟಿದೆ. ಅವುಗಳಲ್ಲಿ ಮೊದಲನೆಯದು ತೀವ್ರವೂ ಹಠಾತ್ತೂ ಆದ ಪ್ರಚೋದನೆ. ಎದುರಿನವನು ಕೆರಳಿಸಿದ, ಇವನ ಹಿಡಿತ ತಪ್ಪಿತು, ಕೈ ನಡೆದುಹೋಯಿತು ಎಂದಾದರೆ ಅದು ಕೊಲೆಯಲ್ಲ, ಅದಕ್ಕಿಂತ ಕೆಳಗಿನ ಅಪರಾಧ. ಹೋಟೆಲಿನಲ್ಲಿ ಕೈಕೈ ಮಿಲಾಯಿಸುವ ಇಬ್ಬರು ಗಂಡಸರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂತಿದೆ ಈ ಮಾತು. ಹನ್ನೆರಡು ವರ್ಷ ಹೊಡೆಸಿಕೊಂಡವಳ ಕೋಪ ಹಠಾತ್ತಾಗಿ ಬರುವುದಿಲ್ಲ. ಅವಳು ಎದುರಿಗೇ ತಿರುಗಿ ಬಿದ್ದರೆ ಇನ್ನಷ್ಟು ಪೆಟ್ಟು ತಿನ್ನುತ್ತಾಳೆಯೇ ಹೊರತು ಗೆಲ್ಲುವುದಿಲ್ಲ. ಅಲ್ಲದೆ ಬಾವಿಯ ಪ್ರಕರಣಗಳಲ್ಲಿ ಇನ್ನೊಂದು ತೊಡಕೂ ಇದೆ. ಕೆರಳಿಸಿದವರು ಗಂಡ, ಅತ್ತೆ, ನಾದಿನಿ, ಸತ್ತದ್ದು ಮಕ್ಕಳು. ಕೆರಳಿಸಿದವನೇ ಸತ್ತಿದ್ದರೆ, ಅಥವಾ ತಪ್ಪಿ ಬೇರೊಬ್ಬನು ಸತ್ತಿದ್ದರೆ ಮಾತ್ರ ಆ ವಿನಾಯಿತಿ.

ಮೂರನೆಯ ಪ್ರಕರಣ ಈ ಕಾಲದ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಅದು 1989ರಲ್ಲಿ ಮದರಾಸು ಉಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾದ ಸುಯಂಬುಕ್ಕನಿ ಪ್ರಕರಣ. ಇವಳೂ ಮಕ್ಕಳೊಡನೆ ಬಾವಿಗೆ ಬಿದ್ದು ಬದುಕಿ ಉಳಿದ ತಾಯಿಯೇ. ತಮಿಳು ನಾಡಿನಲ್ಲಿ ನಲ್ಲತಂಗಾಳ್ ಎಂಬ ಹೆಣ್ಣಿನ ಕಥೆ ಮನೆಮಾತು. ಬಡತನದಲ್ಲಿ ತವರಿಗೆ ಬಂದು, ಅತ್ತಿಗೆಯಿಂದ ಅವಮಾನಿತಳಾಗಿ, ತನ್ನ ಏಳು ಮಕ್ಕಳನ್ನು ಬಾವಿಗೆ ಹಾಕಿ ತಾನೂ ಬಿದ್ದವಳು ಅವಳು. ಸುಯಂಬುಕ್ಕನಿಯಂಥವರ ಸ್ಥಿತಿಗೆ ಕಾನೂನು ತಿಳಿದವರು ನಲ್ಲತಂಗಾಳ್ ಹೆಸರನ್ನೇ ಇಟ್ಟಿದ್ದಾರೆ. ನ್ಯಾಯಾಲಯ ಹೇಳಿದ್ದರ ಸಾರಾಂಶವಿಷ್ಟು: ಹಠಾತ್ ಪ್ರಚೋದನೆ ಬೇರೆ, ನಿರಂತರ ಪ್ರಚೋದನೆ ಬೇರೆ. ಎರಡನೆಯದರಲ್ಲಿ ಸಣ್ಣವೂ ದೊಡ್ಡವೂ ಆದ ಅನೇಕ ಕೃತ್ಯಗಳು ಬಹುಕಾಲ ಒಂದರ ಮೇಲೊಂದು ಬೀಳುತ್ತವೆ. ಕಟ್ಟಕಡೆಯದು ತೀರ ಕ್ಷುಲ್ಲಕವಾಗಿಯೂ ಇರಬಹುದು. ಸಂಹಿತೆಯಲ್ಲಿ ಬರೆದಿಲ್ಲದಿದ್ದರೂ ಇದನ್ನೂ ವಿನಾಯಿತಿಯಾಗಿ ಎಣಿಸಬೇಕು.

ಆ ಕಟ್ಟಕಡೆಯದರ ವಿಷಯ ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಬಲ್ಲ ಸಂಗತಿ. "ಅಷ್ಟಕ್ಕೇ ಹಿಂಗ್ ಮಾಡ್ಕೊಂಡ್ಲಾ?" ಎಂದು ಕೇಳುತ್ತಾರಲ್ಲ, ಆ 'ಅಷ್ಟು' ಎಂಬುದು ಕೊನೆಯ ಒಂದು ಹನಿ. ಮುದ್ದೆಗೆ ಉಪ್ಪೆಸರು ಸಪ್ಪೆಯಾಯಿತೆಂದು ತಟ್ಟೆ ಎಸೆದದ್ದು ಇರಬಹುದು. ಅದರ ಹಿಂದಿನ ಕೊಡವನ್ನು ಯಾರೂ ಅಳೆಯುವುದಿಲ್ಲ.

2013ರಲ್ಲಿ ಗುವಾಹಾಟಿಯ ಉಚ್ಚ ನ್ಯಾಯಾಲಯ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು. ಮಂಜು ಲಾಕ್ರಾ ಎಂಬುವಳು, ಗಂಡ ತನ್ನನ್ನು ಹೊಡೆಯುತ್ತಿದ್ದ ಕೋಲನ್ನೇ ಕಿತ್ತುಕೊಂಡು ತಿರುಗಿ ಹೊಡೆದಳು, ಅವನು ಸತ್ತನು. ಬಹುಕಾಲ ಹಿಂಸೆಗೆ ಒಳಗಾದ ಹೆಂಗಸಿನ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನ್ಯಾಯಾಲಯ ಪರಿಶೀಲಿಸಿ, ಕೊಲೆಯ ಅಪರಾಧವನ್ನು ಕೊಲೆಯೆನಿಸದ ನರಹತ್ಯೆಗೆ ಇಳಿಸಿತು. ಆದರೆ ಒಂದು ರಾಜ್ಯದ ಉಚ್ಚ ನ್ಯಾಯಾಲಯ ಹೇಳಿದ್ದು ಇನ್ನೊಂದು ರಾಜ್ಯದ ನ್ಯಾಯಾಲಯವನ್ನು ಕಟ್ಟಿಹಾಕುವುದಿಲ್ಲ. 1 ಜುಲೈ 2024ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯೂ ತನ್ನ 101ನೆಯ ಪ್ರಕರಣದಲ್ಲಿ ಹಳೆಯ 'ತೀವ್ರ ಮತ್ತು ಹಠಾತ್' ಎಂಬ ಮಾತನ್ನೇ ಹಾಗೆಯೇ ಉಳಿಸಿಕೊಂಡಿದೆ. ಆತ್ಮಹತ್ಯೆಯ ಪ್ರಯತ್ನಕ್ಕೆ ಶಿಕ್ಷೆ ವಿಧಿಸುತ್ತಿದ್ದ ಹಳೆಯ ಪ್ರಕರಣವನ್ನು ಅದು ಕೈಬಿಟ್ಟಿರುವುದು ಒಳ್ಳೆಯದಾಯಿತು. ಆದರೆ ಬಾವಿಯಿಂದ ಮೇಲೆ ಬಂದ ತಾಯಿಯ ಮುಂದೆ ಕೊಲೆಯ ಆರೋಪ ಈಗಲೂ ನಿಂತೇ ಇರುತ್ತದೆ. ನೂರ ಅರವತ್ತು ವರ್ಷಗಳ ಮೇಲೆ ಹೊಸದಾಗಿ ಬರೆದ ಸಂಹಿತೆಯಲ್ಲಿ ನಿರಂತರ ಪ್ರಚೋದನೆಗೆ ಒಂದು ಸಾಲು ಜಾಗವಿರಲಿಲ್ಲವೇ ಎಂದು ಕೇಳಬಹುದು. ನಾನಂತೂ ಕೇಳುತ್ತೇನೆ.

ಪರವಾಗಿ ಮಾತನಾಡುವವರಿದ್ದರೆ ಏನಾಗುತ್ತದೆಂಬುದಕ್ಕೆ ಎರಡು ನಿದರ್ಶನಗಳಿವೆ. ಒಂದು ಎಲ್ಲರಿಗೂ ತಿಳಿದ ನಾನಾವತಿಯವರ ಪ್ರಕರಣ. ಹೆಂಡತಿಯ ಪ್ರಿಯನನ್ನು ಗುಂಡಿಟ್ಟು ಕೊಂದ ನೌಕಾಪಡೆಯ ಅಧಿಕಾರಿ ಅವರು. 1961ರಲ್ಲಿ ಸರ್ವೋಚ್ಚ ನ್ಯಾಯಾಲಯ ಹಠಾತ್ ಪ್ರಚೋದನೆಯ ವಾದವನ್ನು ತಿರಸ್ಕರಿಸಿ ಜೀವಾವಧಿ ಶಿಕ್ಷೆಯನ್ನು ಖಾಯಂ ಮಾಡಿತು. ಆದರೂ ಪತ್ರಿಕೆಗಳು ಬರೆದವು, ದೊಡ್ಡವರು ಮಾತನಾಡಿದರು, 1964ರಲ್ಲಿ ರಾಜ್ಯಪಾಲರು ಕ್ಷಮಾದಾನ ಕೊಟ್ಟರು. ಸ್ಫುರದ್ರೂಪಿ ಅಧಿಕಾರಿಗೆ ಸಿಕ್ಕ ಸಹಾನುಭೂತಿಯ ನೂರರಲ್ಲೊಂದು ಪಾಲು ಗ್ಯಾರ್ಸಿಬಾಯಿಯಂಥವರಿಗೆ ಸಿಕ್ಕಿದ್ದರೆ!

ಇನ್ನೊಂದು ಇಂಗ್ಲೆಂಡಿನದು. ಪಂಜಾಬಿನಿಂದ ಮದುವೆಯಾಗಿ ಅಲ್ಲಿಗೆ ಹೋದ ಕಿರಣಜಿತ್ ಅಹ್ಲುವಾಲಿಯಾ ಸುಮಾರು ಹತ್ತು ವರ್ಷ ಗಂಡನಿಂದ ಹಿಂಸೆ ಅನುಭವಿಸಿ, 1989ರಲ್ಲಿ ಅವನು ಮಲಗಿದ್ದಾಗ ಬೆಂಕಿ ಇಟ್ಟರು. ಅವನು ಕೆಲ ದಿನಗಳ ಮೇಲೆ ಸತ್ತನು. ಆಕೆಗೆ ಜೀವಾವಧಿಯಾಯಿತು. ಹತ್ತು ವರ್ಷಗಳ ಕಥೆ ವಿಚಾರಣೆಯಲ್ಲಿ ಸರಿಯಾಗಿ ಹೊರಬರಲೇ ಇಲ್ಲ. ಸೌತಾಲ್ ಬ್ಲಾಕ್ ಸಿಸ್ಟರ್ಸ್ ಎಂಬ ಹೆಂಗಸರ ಸಂಸ್ಥೆಯವರು ಸೆರೆಮನೆಗೆ ಹೋಗಿ ಆಕೆಯ ಮಾತನ್ನು ಕೇಳಿದರು. ಬೇರೆ ವಕೀಲರನ್ನು ಗೊತ್ತುಮಾಡಿದರು. ಬೀದಿಗಿಳಿದು ಜನಾಭಿಪ್ರಾಯವನ್ನು ಕೂಡಿಸಿದರು. 1992ರಲ್ಲಿ ಮೇಲ್ಮನವಿಯ ನ್ಯಾಯಾಲಯ ಕೊಲೆಯ ತೀರ್ಪನ್ನು ರದ್ದುಮಾಡಿತು. ಅದೇ ವರ್ಷ ಆಕೆ ಬಿಡುಗಡೆಯಾದರು. ಹಠಾತ್ತಾಗಿರಲೇಬೇಕೆಂಬ ನಿಯಮವನ್ನೇ ಇಂಗ್ಲೆಂಡು 2009ರ ಶಾಸನದಿಂದ ತೆಗೆದುಹಾಕಿತು. ನಮಗೆ ದಂಡಸಂಹಿತೆಯನ್ನು ಕೊಟ್ಟವರು ತಮ್ಮ ಮನೆಯಲ್ಲಿ ಅದನ್ನು ತಿದ್ದಿಕೊಂಡಿದ್ದಾರೆ, ಅದೂ ನಮ್ಮ ದೇಶದ ಹೆಣ್ಣುಮಗಳೊಬ್ಬಳ ಪ್ರಕರಣದಿಂದ ಪಾಠ ಕಲಿತು.

ನಮ್ಮ ಕಡೆ ಆ ಹತ್ತು ವರ್ಷಗಳ ಕಥೆ ನ್ಯಾಯಾಲಯವನ್ನು ಏಕೆ ಮುಟ್ಟುವುದಿಲ್ಲ? ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಮುಖ್ಯವಾದ ಪ್ರಶ್ನೆ ಇದೇ. ಕೊಲೆಯ ರಾತ್ರಿಗೆ ಹತ್ತು ಸಾಕ್ಷಿಗಳಿರುತ್ತಾರೆ. ಹಿಂದಿನ ವರ್ಷಗಳಿಗೆ ಒಂದು ಚೀಟಿಯೂ ಇರುವುದಿಲ್ಲ. ಹೆಂಗಸು ಪೆಟ್ಟು ತಿಂದು ಆಸ್ಪತ್ರೆಗೆ ಹೋದರೆ ಜೊತೆಗೆ ಗಂಡನೇ ಹೋಗಿರುತ್ತಾನೆ; ಬಚ್ಚಲಲ್ಲಿ ಜಾರಿ ಬಿದ್ದಳೆಂದು ಬರೆಸುತ್ತಾನೆ. ತವರಿಗೆ ಬಂದರೆ ಹಿರಿಯರು ಜಗುಲಿಯ ಮೇಲೆ ಪಂಚಾಯಿತಿ ಕೂರುತ್ತಾರೆ. "ಕುಡ್ದಾಗ ಹೊಡೀತಾನೆ, ಕುಡೀದಿದ್ರೆ ದೇವ್ರಂತೋನು. ಹೊಂದ್ಕೊಂಡ್ ಹೋಗವ್ವ" ಎಂದು ಬುದ್ಧಿ ಹೇಳಿ, ಕುಂಕುಮ ಕೊಟ್ಟು ಬಸ್ಸು ಹತ್ತಿಸುತ್ತಾರೆ. ಆ ಪಂಚಾಯಿತಿಯ ಮಾತು ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. (ಕರ್ನಾಟಕದಲ್ಲಿ 1 ಜುಲೈ 2007ರಿಂದ ಸಾರಾಯಿ ನಿಂತಿತು. ಕುಡಿತ ನಿಂತಿತೆಂದು ಹೇಳುವ ಹೆಂಗಸನ್ನು ನಾನು ಕಂಡಿಲ್ಲ.) ಮುಂದೆ ಎಂದಾದರೂ ಅವಳು ಆರೋಪಿಯಾಗಿ ನಿಂತರೆ, ಬುದ್ಧಿ ಹೇಳಿದ ಆ ಹಿರಿಯರಲ್ಲಿ ಒಬ್ಬರೂ ಸಾಕ್ಷಿ ಹೇಳಲು ಬರುವುದಿಲ್ಲ.

ಕಾನೂನಿನ ರೀತಿಯೂ ಅವಳಿಗೆ ಪ್ರತಿಕೂಲವೇ. ಅಪರಾಧವನ್ನು ರುಜುವಾತು ಮಾಡುವ ಹೊಣೆ ಸರ್ಕಾರದ್ದು, ನಿಜ. ಆದರೆ ತಾನು ವಿನಾಯಿತಿಯೊಳಗೆ ಬರುತ್ತೇನೆಂದು ತೋರಿಸುವ ಹೊಣೆ ಆರೋಪಿಯದು. ಹಳೆಯ ಸಾಕ್ಷ್ಯ ಅಧಿನಿಯಮದ 105ನೆಯ ಪ್ರಕರಣದಿಂದಲೂ ಇದೇ ನಿಯಮ. ಸಾಕ್ಷ್ಯವೆಲ್ಲ ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯನ್ನೇ ನೇರವಾಗಿ ಪ್ರಶ್ನೆ ಕೇಳುವ ಒಂದು ಹಂತವಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 313ನೆಯ ಪ್ರಕರಣವೆಂದು ಪ್ರಸಿದ್ಧ. ಅವಳು ತನ್ನ ಮಾತನ್ನು ತಾನೇ ಹೇಳಬಹುದಾದ ಸ್ಥಳ ಅದು. ಅಲ್ಲಿ "ಸುಳ್ಳು", "ಗೊತ್ತಿಲ್ಲ" ಎಂಬ ಎರಡೇ ಉತ್ತರಗಳನ್ನು ಕೊಟ್ಟು ಕೆಳಗಿಳಿದು ಬಂದರೆ ವರ್ಷಗಳ ಸಂಕಟ ಬಾಯಲ್ಲಿಯೇ ಉಳಿಯುತ್ತದೆ. ಹಾಗೆ ಉತ್ತರಿಸೆಂದು ಹೇಳಿಕೊಟ್ಟವರೂ ಇರುತ್ತಾರೆ: ಎಲ್ಲವನ್ನೂ ಅಲ್ಲಗಳೆಯುವುದು ಸುಲಭದ ವಾದ, ನಡೆದುದನ್ನು ಒಪ್ಪಿ ಕಾರಣವನ್ನು ತೋರಿಸುವುದು ಕಷ್ಟದ ವಾದ. ಕಷ್ಟದ ವಾದ ಮಾಡಬೇಕಾದರೆ ವಕೀಲರು ಅವಳೊಡನೆ ಗಂಟೆಗಟ್ಟಲೆ ಕುಳಿತು ಕೇಳಬೇಕಾಗುತ್ತದೆ.

ಸೆರೆಮನೆಯೊಳಗಿನ ಹೆಂಗಸರ ಮಾತು ಹೊರಗೆ ಬಂದ ಸಂದರ್ಭಗಳು ನಮ್ಮಲ್ಲಿ ಇಲ್ಲದಿಲ್ಲ. 1979ರಲ್ಲಿ ಬಿಹಾರದ ವಿಚಾರಣಾಧೀನ ಬಂದಿಗಳ ಬಗ್ಗೆ ಹುಸೇನಾರಾ ಖಾತೂನ್ ಪ್ರಕರಣ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಯಾವ ಅಪರಾಧವನ್ನೂ ಮಾಡದ ಹೆಂಗಸರು 'ರಕ್ಷಣೆ'ಗೆಂದು ಸೆರೆಯಲ್ಲಿರುವುದು ಬೆಳಕಿಗೆ ಬಂತು. ಅವರು ಅಪರಾಧಕ್ಕೆ ಗುರಿಯಾದವರು, ಸಾಕ್ಷಿ ಹೇಳಬೇಕಾದವರು. 1982ರಲ್ಲಿ ಪತ್ರಕರ್ತೆ ಶೀಲಾ ಬಾರ್ಸೆ ಮುಂಬಯಿಯ ಸೆರೆಮನೆಯಲ್ಲಿ ಹದಿನೈದು ಹೆಂಗಸರನ್ನು ಮಾತನಾಡಿಸಿದರು. ಅವರಲ್ಲಿ ಐವರು ತಮ್ಮನ್ನು ಪೋಲೀಸ್ ಠಾಣೆಯಲ್ಲಿ ಹಿಂಸಿಸಿದರೆಂದು ಹೇಳಿದ್ದರು. ಶೀಲಾ ಬರೆದ ಒಂದು ಪತ್ರದಿಂದ, ಹೆಂಗಸರಿಗೆ ಪ್ರತ್ಯೇಕ ಲಾಕಪ್ಪು, ಹೆಣ್ಣು ಪೋಲೀಸರ ಎದುರಿನಲ್ಲಿಯೇ ವಿಚಾರಣೆ ಎಂಬ ನಿರ್ದೇಶನಗಳು ಹೊರಟವು.

ನಮ್ಮ ಬೆಂಗಳೂರಿನ ಉದಾಹರಣೆ ಸ್ನೇಹಲತಾ ರೆಡ್ಡಿಯವರದು. 'ಸಂಸ್ಕಾರ' ಚಲನಚಿತ್ರದ ಚಂದ್ರಿಯಾಗಿ ಅವರನ್ನು ಕನ್ನಡಿಗರು ಬಲ್ಲರು. ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಅವರನ್ನು ಬಂಧಿಸಿ, ಶೇಷಾದ್ರಿ ರಸ್ತೆಯ ಪಕ್ಕದಲ್ಲಿದ್ದ ಹಳೆಯ ಕೇಂದ್ರ ಕಾರಾಗೃಹದಲ್ಲಿಟ್ಟರು. ಈಗ ಫ್ರೀಡಂ ಪಾರ್ಕ್ ಇರುವ ಸ್ಥಳ ಅದು. ಉಬ್ಬಸ ರೋಗದಿಂದ ನರಳುತ್ತಿದ್ದ ಅವರು ಅಲ್ಲಿ ತಮ್ಮ ವಿಷಯಕ್ಕಿಂತ ಹೆಚ್ಚಾಗಿ ಇತರ ಬಂದಿ ಹೆಂಗಸರ ವಿಷಯಕ್ಕೆ ಹೋರಾಡಿದರು. ಅವರನ್ನು ಹೊಡೆಯಬಾರದು, ಅವಮಾನಿಸಬಾರದು, ತಿನ್ನುವಂಥ ಊಟ ಕೊಡಬೇಕು ಎಂದು ಅಧಿಕಾರಿಗಳೊಡನೆ ವಾದಿಸಿದರು. ಕಂಡದ್ದನ್ನು ದಿನಚರಿಯಲ್ಲಿ ಬರೆದಿಟ್ಟರು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 20ನೆಯ ತಾರೀಖು ತೀರಿಕೊಂಡರು. ಆ ಉದ್ಯಾನಕ್ಕೆ ಹೋಗುವ ನಮ್ಮ ಕಾಲೇಜಿನ ಪ್ರವಾಸಿಗಳು ಇದನ್ನು ನೆನೆಯುವುದುಂಟೇ?

ಇನ್ನು ಆಕ್ಷೇಪಣೆಯ ಮಾತು. "ಸತ್ತವನೂ ಮನುಷ್ಯನಲ್ಲವೇ? ಬಾವಿಯ ಪಾಲಾದ ಮಕ್ಕಳು ಏನು ತಪ್ಪು ಮಾಡಿದ್ದವು? ಇವಳ ಪರವಾಗಿ ನಿಂತರೆ ಕೊಲೆಗೆ ಅಪ್ಪಣೆ ಕೊಟ್ಟಂತಾಗುವುದಿಲ್ಲವೇ?" ಇದು ಲಘುವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಮಕ್ಕಳ ಸಾವಿಗೆ ಸಮಾಧಾನವಿಲ್ಲ, ತಾಯಿಗೇ ಇಲ್ಲ. ಆದರೆ ಮೇಲೆ ಹೇಳಿದ ನ್ಯಾಯಾಲಯಗಳಾವುವೂ ಈ ಹೆಂಗಸರ ಕೃತ್ಯವನ್ನು ಸರಿಯೆಂದು ಹೊಗಳಲಿಲ್ಲ. ಅಪರಾಧ ಎಷ್ಟು ದೊಡ್ಡದೆಂಬುದನ್ನು ಅಳೆಯುವಾಗ ತಕ್ಕಡಿಯ ಎರಡನೆಯ ತಟ್ಟೆಯಲ್ಲಿ ಹಿಂದಿನ ವರ್ಷಗಳನ್ನೂ ಇಟ್ಟವು, ಅಷ್ಟೇ. ಹಣಕ್ಕಾಗಿ ಕತ್ತು ಕೊಯ್ದವನಿಗೂ ಬೆದರಿ ಬಾವಿಗೆ ಬಿದ್ದವಳಿಗೂ ಒಂದೇ ಜೀವಾವಧಿ, ಇಬ್ಬರಿಗೂ 14 ವರ್ಷಕ್ಕೆ ಮುಂಚೆ ಬಿಡುಗಡೆಯ ಮಾತಿಲ್ಲ ಎಂದರೆ ಅದು ಅಳತೆಯೇ ಅಲ್ಲ. ಹೊಡೆತವನ್ನು ಮೊದಲೇ ತಡೆದಿದ್ದರೆ ಮಕ್ಕಳೂ ಉಳಿಯುತ್ತಿದ್ದವು, ಗಂಡನೂ ಉಳಿಯುತ್ತಿದ್ದನು ಎಂಬುದನ್ನು ಆಕ್ಷೇಪಿಸುವವರು ಮರೆಯಬಾರದು.

ತಡೆಯುವುದಕ್ಕೂ, ಮುಂದೆ ನ್ಯಾಯ ದೊರಕಿಸುವುದಕ್ಕೂ ಬೇಕಾದ ಉಪಕರಣ ಒಂದೇ: ದಾಖಲೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಅಧಿನಿಯಮದ ಪ್ರಕಾರ ಪ್ರತಿ ತಾಲೂಕಿನಲ್ಲಿಯೂ ಸಂರಕ್ಷಣಾಧಿಕಾರಿಗಳಿದ್ದಾರೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಆ ಕೆಲಸ ನೋಡುತ್ತಾರೆ. ಹೆಂಗಸು ಹೇಳಿದ್ದನ್ನು ಅವರು ಕೌಟುಂಬಿಕ ಘಟನಾ ವರದಿಯಾಗಿ ಬರೆದುಕೊಳ್ಳಬೇಕು. 181ಕ್ಕೆ ದೂರವಾಣಿ ಮಾಡಿದರೂ ಸಹಾಯ ಸಿಗುತ್ತದೆ. ಸೆರೆಯಲ್ಲಿರುವವಳಿಗೆ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಸರ್ಕಾರದ ಖರ್ಚಿನಲ್ಲಿ ವಕೀಲರು ದೊರೆಯಬೇಕು. ಅದಕ್ಕೆ ದೂರವಾಣಿ 15100. ಕೊಲೆಯಂಥ ಆರೋಪದಲ್ಲಿಯೂ ಆರೋಪಿ ಹೆಂಗಸೆಂಬ ಕಾರಣದಿಂದ ಜಾಮೀನು ಕೊಡುವ ಅಧಿಕಾರ ನ್ಯಾಯಾಲಯಕ್ಕಿದೆ. ಆದರೆ ಕೇಳುವವರಿರಬೇಕು, ಜಾಮೀನು ನಿಲ್ಲುವವರಿರಬೇಕು. ಶಿಕ್ಷೆ ಖಾಯಮಾದವಳಿಗೆ ಸಂವಿಧಾನದ 161ನೆಯ ವಿಧಿಯ ಪ್ರಕಾರ ರಾಜ್ಯಪಾಲರಿಗೆ ಅರ್ಜಿ ಹಾಕುವ ದಾರಿಯೂ ಇದೆ. ಸೆರೆಯಲ್ಲಿ ತಾಯಿಯೊಡನೆ ಮಗು ಆರು ವರ್ಷದವರೆಗೆ ಮಾತ್ರ ಇರಬಹುದೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಹೇಳಿದೆ; ಆಮೇಲೆ ಆ ಮಗುವಿನ ಗತಿಯೇನು ಎಂಬುದೂ ಪರವಾಗಿ ನಿಲ್ಲುವವರ ಕೆಲಸವೇ.

ನಾವು ವಿದ್ಯಾರ್ಥಿಗಳು ವಕೀಲರಲ್ಲ, ಸೆರೆಮನೆಯ ಬಾಗಿಲೂ ನಮಗೆ ಸುಲಭವಾಗಿ ತೆರೆಯದು. ಆದರೆ ಊರು ನಮ್ಮದು. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ನಾವು ಚರಂಡಿ ತೆಗೆಯುತ್ತೇವೆ, ಗಿಡ ನೆಡುತ್ತೇವೆ. ಈ ಅಧಿನಿಯಮಗಳ ವಿಷಯವನ್ನು ಒಂದು ಸಂಜೆ ಹೇಳಲು ಅಡ್ಡಿಯೇನು? ನಮ್ಮ ಹೋಬಳಿಯ ಹೆಂಗಸೊಬ್ಬಳು ಇಂಥ ಮೊಕದ್ದಮೆಯಲ್ಲಿ ಸಿಕ್ಕಿಕೊಂಡರೆ, ಅವಳ ಪೂರ್ವದ ಕಥೆ ಬಲ್ಲವರು ಸೆಷನ್ಸ್ ನ್ಯಾಯಾಲಯದಲ್ಲಿಲ್ಲ, ನಮ್ಮ ಬೀದಿಯಲ್ಲಿದ್ದಾರೆ: ಅವಳ ಊದಿದ ಮುಖ ಕಂಡ ಅಂಗನವಾಡಿ ಕಾರ್ಯಕರ್ತೆ, ಗಾಯಕ್ಕೆ ಪಟ್ಟಿ ಕಟ್ಟಿದ ಆಸ್ಪತ್ರೆಯ ದಾದಿ, ರಾತ್ರಿ ಬಾಗಿಲು ತಟ್ಟಿದಾಗ ಒಳಗೆ ಕರೆದುಕೊಂಡ ಪಕ್ಕದ ಮನೆಯ ಅಜ್ಜಿ. ಅವರನ್ನು ಒಡಂಬಡಿಸಿ ತಾಲೂಕು ಕಾನೂನು ಸೇವಾ ಸಮಿತಿಗೆ ಕರೆದೊಯ್ಯುವುದು ಪದವಿ ಓದುವ ಹುಡುಗ ಹುಡುಗಿಯರಿಂದ ಆಗದ ಕೆಲಸವಲ್ಲ. ಆದರೆ ಅದು ವಿಚಾರಣೆ ಆರಂಭವಾಗುವುದಕ್ಕೆ ಮುಂಚೆಯೇ ಆಗಬೇಕು. ತೀರ್ಪಾದ ಮೇಲೆ ಮೇಲ್ಮನವಿಯಲ್ಲಿ ಹೊಸ ಸಾಕ್ಷ್ಯವನ್ನು ಸೇರಿಸುವುದು ಬಹಳ ಕಷ್ಟ. ಅಷ್ಟರಲ್ಲಿ ಅಜ್ಜಿಯೂ ಇರಲಾರಳು.